ಹೊಂಗೆ ಮರದ ಕೆಳಗೆ ಕೂತ ಮಗು: ರಾಜ್ಯದ ಪಿ.ಟಿ. ಮೇಷ್ಟ್ರುಗಳಿಗೆ, ಶಿಕ್ಷಣ ಇಲಾಖೆಗೆ ಒಂದು ಬಹಿರಂಗ ಪತ್ರ

ನಮಸ್ಕಾರ ಮೇಷ್ಟ್ರೇ, ನಮಸ್ಕಾರ ಟೀಚರ್,

ನಾನು ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಒಂದೂವರೆ ವರ್ಷದ ಕೂಸಾಗಿದ್ದಾಗ ಜ್ವರ ಬಂತಂತೆ. ಜ್ವರ ಇಳಿಯುವಷ್ಟರಲ್ಲಿ ಕಾಲಿನ ಬಲ ಹೋಗಿತ್ತು. ಪೋಲಿಯೊ. ಬಲಗಾಲಿಗೆ ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಹಾಕಿಕೊಂಡು, ಕಂಕುಳಿಗೆ ಊರುಗೋಲು ಕೊಟ್ಟು ಓಡಾಡುತ್ತೇನೆ. ಈಗ ನನಗೆ ನಲವತ್ತೆಂಟು. ಈ ಪತ್ರ ಬರೆಯಬೇಕು ಅನ್ನಿಸಿದ್ದು ಮೊನ್ನೆ ಮಧ್ಯಾಹ್ನ.

ನಮ್ಮ ಗ್ರಂಥಾಲಯದ ಕಿಟಕಿಗೆ ಎದುರಾಗಿಯೇ ಶಾಲೆಯ ಮೈದಾನ. ಪಿ.ಟಿ. ಪೀರಿಯಡ್ ನಡೆಯುತ್ತಿತ್ತು. ಹುಡುಗರು ಕಬಡ್ಡಿ, ಹುಡುಗಿಯರು ಖೋಖೋ. ಹೊಂಗೆ ಮರದ ಕಟ್ಟೆಯ ಮೇಲೆ ಒಬ್ಬ ಹುಡುಗ ಕೂತಿದ್ದ. ಆರನೇ ಕ್ಲಾಸು. ಅವನಿಗೆ ಸೆರೆಬ್ರಲ್ ಪಾಲ್ಸಿ. ಕೈಕಾಲು ಬಿಗಿ, ಮಾತು ನಿಧಾನ. ಬುದ್ಧಿ ಬಲು ಚುರುಕು, ವಾರಕ್ಕೆ ಮೂರು ಪುಸ್ತಕ ನಮ್ಮಲ್ಲಿಂದ ಒಯ್ಯುತ್ತಾನೆ. ಅವನ ಸುತ್ತ ಇಡೀ ಕ್ಲಾಸಿನ ಚಪ್ಪಲಿ, ನೀರಿನ ಬಾಟಲಿ, ಎರಡು ಮೂರು ಸ್ವೆಟರ್. ಅವನ್ನು ಕಾಯುವುದು ಅವನ ಕೆಲಸ.

ಕಿಟಕಿ ಹತ್ತಿರ ನಿಂತು ನೋಡಿದೆ. ಉದುರಿದ್ದ ಹೊಂಗೆ ಕಾಯಿಗಳನ್ನು ಒಂದೊಂದೇ ಆರಿಸಿ, ಎದುರಿಗಿದ್ದ ಒಂದು ನೀಲಿ ಚಪ್ಪಲಿಯ ಕಡೆ ಎಸೆಯುತ್ತಿದ್ದ. ಅವನ ಕೈ ಹೇಳಿದ ತಕ್ಷಣ ಏಳುವುದಿಲ್ಲ. ಮೊದಲು ಮುಷ್ಟಿ ಸಡಿಲ ಮಾಡಬೇಕು, ಆಮೇಲೆ ಮೊಣಕೈ, ಆಮೇಲೆ ತೋಳು. ಒಂದು ಕಾಯಿ ಎಸೆಯಲು ಅರ್ಧ ನಿಮಿಷವಾದರೂ ಬೇಕು. ಕಾಯಿ ಚಪ್ಪಲಿಯ ಪಕ್ಕಕ್ಕೇ ಹೋಗಿ ಬಿದ್ದರೆ ಒಬ್ಬನೇ ನಗುತ್ತಿದ್ದ. ದೂರ ಬಿದ್ದರೆ ಇನ್ನೊಂದು ಕಾಯಿ. ಬೆಲ್ ಹೊಡೆಯುವವರೆಗೂ ಅದೇ ಆಟ. ಆ ಕಡೆ ಯಾರೂ ತಿರುಗಿ ನೋಡಲಿಲ್ಲ.

ಅವನು ಆಡುತ್ತಿದ್ದದ್ದು ಏನು ಅಂತ ಆಮೇಲೆ ಹೇಳುತ್ತೇನೆ.

ಆ ಕಟ್ಟೆ ನನಗೆ ಚೆನ್ನಾಗಿ ಗೊತ್ತು. ಮೂವತ್ತೈದು ವರ್ಷದ ಹಿಂದೆ, ಬೇರೆ ಊರಿನ ಬೇರೆ ಶಾಲೆಯಲ್ಲಿ, ಅಂಥದ್ದೇ ಒಂದು ಕಟ್ಟೆಯ ಮೇಲೆ ನಾನು ಕೂತಿದ್ದೆ. ಐದನೇ ಕ್ಲಾಸಿನಿಂದ ಹತ್ತನೇ ಕ್ಲಾಸಿನವರೆಗೆ, ಆರು ವರ್ಷ. ಯಾವ ಚಪ್ಪಲಿ ಯಾರದು ಅಂತ ನೋಡದೇ ಹೇಳುತ್ತಿದ್ದೆ. ಹಿಮ್ಮಡಿ ಸವೆದದ್ದು ಯಾರದು, ಉಂಗುಷ್ಟ ಕಿತ್ತು ಪಿನ್ನು ಚುಚ್ಚಿದ್ದು ಯಾರದು, ಅಕ್ಕನ ಚಪ್ಪಲಿ ಹಾಕಿಕೊಂಡು ಬರುವವಳು ಯಾರು, ಎಲ್ಲ ಬಾಯಿಪಾಠ.

ನಮ್ಮ ಪಿ.ಟಿ. ಮೇಷ್ಟ್ರು ಕೆಟ್ಟವರಲ್ಲ. ತುಂಬಾ ಪ್ರೀತಿ ಇಟ್ಟಿದ್ದರು. "ನೀನು ಕೂತ್ಕೋ ಪುಟ್ಟಿ, ನಿಂಗ್ಯಾಕೆ ಈ ಬಿಸಿಲು" ಎನ್ನುತ್ತಿದ್ದರು. ಉಳಿದವರನ್ನು ಒಂದೇ ಸಮನೆ ಗದರುತ್ತಿದ್ದರು. "ಏಯ್, ಮೊಣಕಾಲು ಎತ್ತೋ", "ಲೈನ್ ತುಳೀಬೇಡವೇ". ನನ್ನನ್ನು ಒಂದು ದಿನವೂ ಗದರಲಿಲ್ಲ. ಗದರಿಸಿಕೊಂಡು ಅಳುತ್ತಾ ಬಂದು ನನ್ನ ಪಕ್ಕ ಕೂರುತ್ತಿದ್ದ ಗೆಳತಿಯರನ್ನು ಕಂಡರೆ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಅಂಕಪಟ್ಟಿಯಲ್ಲಿ ದೈಹಿಕ ಶಿಕ್ಷಣದ ಎದುರಿಗೆ ನನಗೆ ಪ್ರತಿ ವರ್ಷ ಎ ಗ್ರೇಡ್. ಆರು ವರ್ಷದಲ್ಲಿ ಒಂದು ಚೆಂಡನ್ನೂ ಕೈಯಲ್ಲಿ ಹಿಡಿಯದವಳಿಗೆ.

ಅಲ್ಲಿ ಕೂತು ನಾನು ಒಂದು ಪಾಠ ಕಲಿತೆ ಮೇಷ್ಟ್ರೇ. ಆಟ ನಮ್ಮಂಥವರಿಗಲ್ಲ. ಆಮೇಲೆ ಒಂದರ ಹಿಂದೊಂದು ಬಂದವು. ಪ್ರವಾಸ ನಮ್ಮಂಥವರಿಗಲ್ಲ. ಒಬ್ಬಳೇ ಬಸ್ ಹತ್ತುವುದು ನಮ್ಮಂಥವರಿಗಲ್ಲ. ಕೆಲಸಕ್ಕೆ ಅರ್ಜಿ ಹಾಕುವುದೂ ನಮ್ಮಂಥವರಿಗಲ್ಲ. ಡಿಗ್ರಿ ಮುಗಿಸಿ ಎಷ್ಟೋ ವರ್ಷ ಮನೆಯಲ್ಲೇ ಹೂ ಕಟ್ಟುತ್ತಾ ಕೂತಿದ್ದೆ.

ಮೂವತ್ತೊಂದನೇ ವಯಸ್ಸಿನಲ್ಲಿ ನಮ್ಮ ತಾಲ್ಲೂಕಿನ ಪುನರ್ವಸತಿ ಕಾರ್ಯಕರ್ತರೊಬ್ಬರು ಮನೆಗೆ ಬಂದರು. ಡಿಸೆಂಬರ್ 3 ವಿಕಲಚೇತನರ ದಿನ, ಜಿಲ್ಲಾ ಕೇಂದ್ರದಲ್ಲಿ ಕ್ರೀಡಾಕೂಟ ಇದೆ, ಬನ್ನಿ ಅಂದರು. ಸುಮ್ನೆ ನೋಡಿಕೊಂಡು ಬರೋಣ ಅಂತ ಹೋದೆ. ಗುಂಡು ಎಸೆತಕ್ಕೆ ಹೆಂಗಸರು ಕಡಿಮೆ ಇದ್ದರು, ನನ್ನ ಹೆಸರನ್ನೂ ಬರೆದುಕೊಂಡರು. ಕೂತು ಗುಂಡು ಎಸೆಯಲು ಬೇಕಾದ ಕುರ್ಚಿ ಅಲ್ಲಿ ಇರಲಿಲ್ಲ. ಶಾಮಿಯಾನದವರ ಪ್ಲಾಸ್ಟಿಕ್ ಕುರ್ಚಿ ತಂದು ಸುಣ್ಣದ ಗೆರೆಯ ಹಿಂದೆ ಇಟ್ಟರು. ಅಲುಗಾಡದಂತೆ ಇಬ್ಬರು ಹುಡುಗರು ಅದರ ಕಾಲು ಹಿಡಿದು ಮಣ್ಣಿನಲ್ಲೇ ಕೂತರು. ಮೂರು ಕೆ.ಜಿ. ಕಬ್ಬಿಣದ ಗುಂಡು ಕೈಗೆ ಬಂತು. ಕುತ್ತಿಗೆಯ ಸಂದಿಗೆ ಒತ್ತಿಕೊಂಡೆ, ತಣ್ಣಗಿತ್ತು. ತಳ್ಳಿದೆ. ಮೂರು ಮೀಟರ್ ಕೂಡ ಹೋಗಲಿಲ್ಲ.

ಪಕ್ಕದಲ್ಲಿ ಟೇಪು ಹಿಡಿದು ನಿಂತಿದ್ದ ವಯಸ್ಸಾದ ಕೋಚ್ ಒಬ್ಬರು ಕೂಗಿದರು. "ಏನಮ್ಮಾ, ತಟ್ಟೆಗೆ ಮುದ್ದೆ ಹಾಕಿದಂಗೆ ಹಾಕ್ತೀಯಾ? ತೋಳಿಗೆ ಏನಾಗಿದೆ ನಿಂಗೆ? ತಳ್ಳು!"

ನನಗೆ ಕಣ್ಣಲ್ಲಿ ನೀರು ಬಂತು. ಬೇಜಾರಿಗಲ್ಲ. ಮೈದಾನದಲ್ಲಿ ಒಬ್ಬರು ನನ್ನನ್ನು ಬೈದದ್ದು ಅದೇ ಮೊದಲು. ಅವರು ನನ್ನ ಕಾಲು ನೋಡಲೇ ಇಲ್ಲ, ತೋಳು ನೋಡಿದರು. ಎರಡನೇ ಎಸೆತ ನಾಲ್ಕು ಮೀಟರ್ ದಾಟಿತು.

ಆಮೇಲೆ ನಾಲ್ಕು ವರ್ಷ ವಾರಕ್ಕೆ ಎರಡು ದಿನ ಅವರ ಹತ್ತಿರ ಕಲಿತೆ. ನಿಜವಾದ ಎಸೆತದ ಕುರ್ಚಿಯನ್ನು ಅಲ್ಲೇ ನೋಡಿದ್ದು. ಕಬ್ಬಿಣದ ಚೌಕಟ್ಟು. ನಾಲ್ಕು ಮೂಲೆಯಿಂದ ಬೆಲ್ಟ್ ಎಳೆದು ನೆಲಕ್ಕೆ ಬಿಗಿಯುತ್ತಾರೆ. ದಿಂಬು ಸೇರಿ ಎತ್ತರ 75 ಸೆಂಟಿಮೀಟರ್ ದಾಟಬಾರದು. ತೊಡೆಗೂ ಒಂದು ಪಟ್ಟಿ. ಎಸೆಯುವಾಗ ಸೀಟಿನಿಂದ ಮೇಲೆದ್ದರೆ ಫೌಲ್. ಕಾಲು ಮಾಡಬೇಕಾದ ಕೆಲಸವನ್ನೆಲ್ಲ ಹೊಟ್ಟೆ, ಬೆನ್ನು, ಭುಜ ಮಾಡಬೇಕು. ಎಡಗೈಯಲ್ಲಿ ಕುರ್ಚಿಯ ಕಂಬಿ ಹಿಡಿದು ಮೈಯನ್ನೇ ಬಿಲ್ಲಿನ ಹಾಗೆ ಹಿಂದಕ್ಕೆಳೆದು ಬಿಡಬೇಕು. ರಾಜ್ಯ ಮಟ್ಟದಲ್ಲಿ ಎರಡು ಸಲ ಪದಕ ಬಂತು, ಒಂದು ಬೆಳ್ಳಿ, ಒಂದು ಕಂಚು. ಅದಕ್ಕಿಂತ ಮುಂದೆ ಹೋಗಲಿಲ್ಲ. ಆದರೆ ಬಸ್ಸಿನ ಕಂಬಿ ಹಿಡಿದು ನನ್ನ ಮೈಯನ್ನು ನಾನೇ ಮೇಲೆತ್ತಿಕೊಳ್ಳುವುದು ಬಂತು. ಒಬ್ಬಳೇ ಹೋಗಿ ಈ ಗ್ರಂಥಾಲಯದ ಕೆಲಸಕ್ಕೆ ಅರ್ಜಿ ಕೊಟ್ಟು ಬಂದೆ. ಈಗ ಮೇಲಿನ ಕಪಾಟಿನ ಪುಸ್ತಕ ತೆಗೆಯಲು ಯಾರನ್ನೂ ಕರೆಯುವುದಿಲ್ಲ.

ನಮ್ಮವರು ಪದಕ ಗೆದ್ದಾಗ ಪತ್ರಿಕೆಗಳಲ್ಲಿ "ಛಲವಿದ್ದರೆ ಏನನ್ನೂ ಸಾಧಿಸಬಹುದು" ಅಂತ ಬರುತ್ತದೆ. ಓದಿದಾಗಲೆಲ್ಲ ನನಗೆ ಒಂಥರಾ ಸಂಕಟ. ಛಲ ನನ್ನಲ್ಲಿ ಹತ್ತನೇ ವಯಸ್ಸಿನಲ್ಲೂ ಇತ್ತು. ಕುರ್ಚಿಯ ಕಾಲು ಹಿಡಿಯಲು ಇಬ್ಬರು ಇರಲಿಲ್ಲ, ಅಷ್ಟೇ.

ಹಾಸನ ಜಿಲ್ಲೆಯ ಎಚ್.ಎನ್. ಗಿರೀಶ ಅವರನ್ನು ನೆನಪು ಮಾಡಿಕೊಳ್ಳಿ. 2012ರ ಲಂಡನ್ ಪ್ಯಾರಾಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದಲ್ಲಿ ಬೆಳ್ಳಿ ಗೆದ್ದರು. ಇಡೀ ಭಾರತಕ್ಕೆ ಆ ಕೂಟದಲ್ಲಿ ಬಂದ ಒಂದೇ ಪದಕ ಅದು. ಹಾರಿದ್ದು 1.74 ಮೀಟರ್. ಚಿನ್ನ ಗೆದ್ದ ಫಿಜಿ ದೇಶದ ಆಟಗಾರ ಹಾರಿದ್ದೂ ಅಷ್ಟೇ ಎತ್ತರ, ತಪ್ಪಿದ ಪ್ರಯತ್ನಗಳ ಲೆಕ್ಕದಲ್ಲಿ ಚಿನ್ನ ಕೈತಪ್ಪಿತು. ಆ ವಿಡಿಯೊ ನೋಡಿ ಮೇಷ್ಟ್ರೇ. ಅವರು ಹಾರಿದ್ದು ಕತ್ತರಿ ಹಾರು. ನಮ್ಮ ಹಳ್ಳಿ ಶಾಲೆಗಳಲ್ಲಿ ಮರಳು ಗುಂಡಿಯ ಮೇಲೆ ಹಗ್ಗ ಹಿಡಿದು ಮಕ್ಕಳಿಗೆ ಕಲಿಸುತ್ತೀರಲ್ಲ, ಅದೇ. ನೀವು ಕಲಿಸುವ ಹಾರು ಹಾರಿಯೇ ಒಬ್ಬರು ಪ್ಯಾರಾಲಿಂಪಿಕ್ಸ್ ಬೆಳ್ಳಿ ತಂದರು.

ಚಿಕ್ಕಮಗಳೂರು ಜಿಲ್ಲೆಯ ರಕ್ಷಿತಾ ರಾಜು ಹುಟ್ಟಿನಿಂದ ಕಣ್ಣು ಕಾಣದವರು. ಚಿಕ್ಕವರಿದ್ದಾಗಲೇ ಅಪ್ಪ ಅಮ್ಮ ತೀರಿಕೊಂಡರು. ಸಾಕಿದ್ದು ಅಜ್ಜಿ, ಆ ಅಜ್ಜಿಗೆ ಮಾತೂ ಬಾರದು, ಕಿವಿಯೂ ಕೇಳದು. ಆ ಹುಡುಗಿಯ ಕಾಲಿನಲ್ಲಿ ಓಟ ಇದೆ ಅಂತ ಮೊದಲು ಗುರುತಿಸಿದ್ದು ಅಂಧ ಮಕ್ಕಳ ಶಾಲೆಯ ಪಿ.ಟಿ. ಮೇಷ್ಟ್ರು. ಅಂದರೆ ನಿಮ್ಮಂಥವರೇ ಒಬ್ಬರು. ರಕ್ಷಿತಾ 2018ರ ಜಕಾರ್ತ ಏಷ್ಯನ್ ಪ್ಯಾರಾ ಕ್ರೀಡಾಕೂಟದಲ್ಲಿ 1500 ಮೀಟರ್ ಚಿನ್ನ ಗೆದ್ದರು. 2023ರಲ್ಲಿ ಹಾಂಗ್‌ಝೌನಲ್ಲಿ ಮತ್ತೆ ಅದೇ ಚಿನ್ನ. 2024ರಲ್ಲಿ ಪ್ಯಾರಿಸ್ ಪ್ಯಾರಾಲಿಂಪಿಕ್ಸ್‌ನಲ್ಲೂ ಓಡಿದರು. ಅವರ ವರ್ಗದಲ್ಲಿ ಓಡುವವರು ಕಣ್ಣಿಗೆ ಕಪ್ಪು ಪಟ್ಟಿ ಕಟ್ಟಿಕೊಳ್ಳಬೇಕು. ಪಕ್ಕದಲ್ಲಿ ಒಬ್ಬ ಜೊತೆ ಓಟಗಾರ, ಇಬ್ಬರ ಕೈಗೂ ಒಂದು ಚಿಕ್ಕ ದಾರ. ಆತ ಎಳೆಯುವಂತಿಲ್ಲ, ಗೆರೆಯನ್ನು ಅವರಿಗಿಂತ ಮೊದಲು ದಾಟುವಂತಿಲ್ಲ. ದಾರವೇನು ದುಬಾರಿ ಸಾಮಾನಲ್ಲ. ನಿಮ್ಮ ಶಾಲೆಯಲ್ಲಿ ಒಂದು ಬೂಟಿನ ಲೇಸು ಸಾಕು, ಜೊತೆಗೆ ಓಡಲು ಒಬ್ಬ ಗೆಳತಿ.

ಮಾಲತಿ ಹೊಳ್ಳ ಅವರ ಹೆಸರು ನಿಮಗೆಲ್ಲ ಗೊತ್ತೇ ಇರುತ್ತದೆ. 1958ರಲ್ಲಿ ಹುಟ್ಟಿದವರು. ವರ್ಷದ ಮಗುವಿಗೆ ಜ್ವರ ಬಂದು ಇಡೀ ಮೈಯೇ ಸ್ವಾಧೀನ ತಪ್ಪಿತ್ತು. ಎರಡು ವರ್ಷ ವಿದ್ಯುತ್ ಶಾಕ್ ಕೊಟ್ಟ ಮೇಲೆ ಸೊಂಟದಿಂದ ಮೇಲೆ ಬಲ ಬಂತು. ಚೆನ್ನೈನ ಮೂಳೆ ಆಸ್ಪತ್ರೆಯೊಂದರಲ್ಲಿ ಹದಿನೈದು ವರ್ಷ ಬೆಳೆದರು. ಅಲ್ಲಿಂದ ಬಂದು ಗುಂಡು, ಚಕ್ರ, ಜಾವೆಲಿನ್ ಎಸೆದರು, ಗಾಲಿಕುರ್ಚಿಯಲ್ಲಿ ಓಡಿದರು, ಬ್ಯಾಂಕಿನಲ್ಲಿ ಕೆಲಸ ಮಾಡಿದರು, 1995ರಲ್ಲಿ ಅರ್ಜುನ, 2001ರಲ್ಲಿ ಪದ್ಮಶ್ರೀ ಪಡೆದರು. ಅಂಗವಿಕಲ ಮಕ್ಕಳಿಗೆ ಆಸರೆಯಾಗಿ ಮಾತೃ ಫೌಂಡೇಶನ್ ಕಟ್ಟಿದರು. ನನಗೆ ಅವರ ಪದಕಗಳಿಗಿಂತ ಆ ಕೊನೆಯ ಮಾತು ದೊಡ್ಡದಾಗಿ ಕಾಣುತ್ತದೆ. ತಮಗೆ ಸಿಕ್ಕಿದ್ದು ಇನ್ನೊಂದು ಮಗುವಿಗೆ ಸಿಗಲಿ ಅಂತ ಬಾಗಿಲು ತೆರೆದಿಟ್ಟರು.

ಇನ್ನೂ ಇದ್ದಾರೆ. ಹಾಸನದಲ್ಲಿ ಹುಟ್ಟಿ, ಸುರತ್ಕಲ್‌ನಲ್ಲಿ ಎಂಜಿನಿಯರಿಂಗ್ ಓದಿ, ಐಎಎಸ್ ಅಧಿಕಾರಿಯಾಗಿ, ಟೋಕಿಯೊ ಮತ್ತು ಪ್ಯಾರಿಸ್ ಎರಡರಲ್ಲೂ ಬ್ಯಾಡ್ಮಿಂಟನ್ ಬೆಳ್ಳಿ ತಂದ ಸುಹಾಸ್ ಯತಿರಾಜ್. 2014ರ ಇಂಚಿಯಾನ್ ಏಷ್ಯನ್ ಪ್ಯಾರಾ ಕೂಟದಲ್ಲಿ ಈಜಿ ಆರು ಪದಕ ಗೆದ್ದ ಬೆಂಗಳೂರಿನ ಶರತ್ ಗಾಯಕವಾಡ್. 2025ರಲ್ಲಿ ಮೊದಲ ಬಾರಿಗೆ ನಡೆದ ಅಂಧ ಮಹಿಳೆಯರ ಟಿ-20 ವಿಶ್ವಕಪ್ ಗೆದ್ದ ತಂಡದ ನಾಯಕಿ ದೀಪಿಕಾ ಕೂಡ ಕರ್ನಾಟಕದ ಆಟಗಾರ್ತಿ. 2016ರ ರಿಯೊವರೆಗೆ ನಮ್ಮ ದೇಶಕ್ಕೆ ಎಲ್ಲ ಪ್ಯಾರಾಲಿಂಪಿಕ್ಸ್ ಸೇರಿ ಬಂದದ್ದು 12 ಪದಕ. ಟೋಕಿಯೊ ಒಂದರಲ್ಲೇ 19, ಪ್ಯಾರಿಸ್‌ನಲ್ಲಿ 29. ಮಕ್ಕಳಲ್ಲಿ ಶಕ್ತಿ ಒಮ್ಮೆಗೇ ಹೆಚ್ಚಾಯಿತಾ? ಇಲ್ಲ. ಕರೆಯುವವರು, ಕಲಿಸುವವರು, ಖರ್ಚು ಹಾಕುವವರು ಹೆಚ್ಚಾದರು.

"ಈಗ ಪೋಲಿಯೊ ಎಲ್ಲಿದೆ, ಅಂಥ ಮಕ್ಕಳೇ ಕಡಿಮೆ" ಅಂತ ಒಬ್ಬರು ಹೆಡ್ಮಾಸ್ಟರು ನನಗೆ ಹೇಳಿದರು. ಪೋಲಿಯೊ ಹೋಗಿದೆ ನಿಜ. ದೇಶದ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ, 2014ರ ಮಾರ್ಚ್‌ನಲ್ಲಿ ಪೋಲಿಯೊ ಮುಕ್ತ ಅಂತ ಪ್ರಮಾಣಪತ್ರವೂ ಬಂತು. ನನ್ನಂಥ ಕಾಲುಗಳು ನಿಮ್ಮ ಶಾಲೆಗೆ ಇನ್ನು ಬರಲಾರವು, ಅದು ನನಗೆ ಬಹಳ ಸಂತೋಷದ ವಿಷಯ. ಆದರೆ ಸೆರೆಬ್ರಲ್ ಪಾಲ್ಸಿ ಇದೆ. ಕುಬ್ಜರಾಗಿ ಹುಟ್ಟುವವರಿದ್ದಾರೆ. ಬೈಕ್ ಅಪಘಾತದಲ್ಲಿ ಕಾಲು ಕಳೆದುಕೊಂಡವರಿದ್ದಾರೆ. ದೃಷ್ಟಿ ಮಂದ ಇರುವವರು, ಸ್ನಾಯು ಸೋಲುತ್ತಾ ಹೋಗುವವರು ಇದ್ದಾರೆ. 2011ರ ಜನಗಣತಿಯಲ್ಲೇ ಕರ್ನಾಟಕದಲ್ಲಿ 13 ಲಕ್ಷಕ್ಕೂ ಜಾಸ್ತಿ ಅಂಗವಿಕಲರು ಲೆಕ್ಕಕ್ಕೆ ಸಿಕ್ಕಿದ್ದರು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ.

ಅದೇ ಕಾಯ್ದೆಯ 16ನೇ ಕಲಂ ಓದಿ ನೋಡಿ. ಸರ್ಕಾರದ ಹಣ ಅಥವಾ ಮಾನ್ಯತೆ ಪಡೆದ ಶಾಲೆಗಳೆಲ್ಲ ಅಂಗವಿಕಲ ಮಕ್ಕಳನ್ನು ಭೇದವಿಲ್ಲದೆ ಸೇರಿಸಿಕೊಳ್ಳಬೇಕು, ಪಾಠದ ಜೊತೆಗೆ ಆಟಕ್ಕೂ ಉಳಿದವರಷ್ಟೇ ಅವಕಾಶ ಕೊಡಬೇಕು ಅಂತ ಇದೆ. ಸೇರಿಸಿಕೊಳ್ಳುತ್ತೀರಿ, ಪಾಠ ಹೇಳುತ್ತೀರಿ, ಬಿಸಿಯೂಟವನ್ನೂ ಒಟ್ಟಿಗೆ ಕೂರಿಸಿ ಹಾಕುತ್ತೀರಿ. ಪಿ.ಟಿ. ಬೆಲ್ ಆದಾಗ ಮಾತ್ರ ಆ ಮಗು ಬೇರೆಯಾಗಿಬಿಡುತ್ತದೆ.

ನಿಮ್ಮ ಕಷ್ಟ ನನಗೆ ಗೊತ್ತಿಲ್ಲ ಅಂದುಕೊಳ್ಳಬೇಡಿ. ದಿನಾ ಕಿಟಕಿಯಿಂದ ನೋಡುತ್ತೇನಲ್ಲ. ಅರವತ್ತು ಮಕ್ಕಳು, ಒಂದು ಪೀರಿಯಡ್, ಗಾಳಿ ಹೋದ ಎರಡು ವಾಲಿಬಾಲ್. ಎಷ್ಟೋ ಶಾಲೆಗಳಲ್ಲಿ ನಿಮ್ಮ ಹುದ್ದೆಯೇ ಖಾಲಿ. ಇದ್ದವರ ತಲೆಗೆ ಚುನಾವಣೆ, ಸರ್ವೆ, ಇನ್ನೂ ಏನೇನೋ ಕೆಲಸ. "ಬಿದ್ದು ಪೆಟ್ಟಾದರೆ ಮನೆಯವರು ನನ್ನನ್ನೇ ಕೇಳ್ತಾರೆ" ಅಂತ ಒಬ್ಬ ಟೀಚರ್ ನನ್ನ ಹತ್ತಿರ ಹೇಳಿಕೊಂಡರು. ಸರಿಯಾದ ಹೆದರಿಕೆಯೇ. ಅದಕ್ಕೆ ಮೊದಲು ಮನೆಯವರ ಹತ್ತಿರ ಮಾತಾಡಿ. ಫಿಟ್ಸ್ ಬರುತ್ತದಾ, ಹೃದಯದ ತೊಂದರೆ ಇದೆಯಾ, ಡಾಕ್ಟರು ಏನು ಬೇಡ ಅಂದಿದ್ದಾರೆ, ಕೇಳಿಕೊಳ್ಳಿ. ತಾಲ್ಲೂಕಿನಲ್ಲಿ ಬಿ.ಐ.ಇ.ಆರ್.ಟಿ. ಶಿಕ್ಷಕರು ಇರುತ್ತಾರೆ, ಇಂಥ ಮಕ್ಕಳಿಗಾಗಿಯೇ ನೇಮಕವಾದವರು. ಅವರನ್ನು ಒಂದು ದಿನ ಮೈದಾನಕ್ಕೂ ಕರೆಸಿ. ಆಮೇಲೂ ಮಗು ಬೀಳಬಹುದು. ನಾನೂ ಬಹಳ ಸಲ ಬಿದ್ದಿದ್ದೇನೆ, ಮೊಣಕೈ ತರಚಿದೆ, ಒಮ್ಮೆ ಹಲ್ಲೂ ಮುರಿದಿದೆ. ಆ ಗಾಯಗಳ ಲೆಕ್ಕ ನನಗೆ ಮರೆತೇ ಹೋಗಿದೆ. ಕಟ್ಟೆಯ ಮೇಲೆ ಕೂತ ಆರು ವರ್ಷ ಮರೆತಿಲ್ಲ.

ಏನು ಆಡಿಸುವುದು ಅಂತ ಕೇಳಿದರೆ, ಹೆಚ್ಚೇನೂ ಬೇಡ. ವಾಲಿಬಾಲ್ ಬಲೆಯನ್ನು ಕೆಳಗಿಳಿಸಿ ಎಲ್ಲರನ್ನೂ ನೆಲಕ್ಕೆ ಕೂರಿಸಿ. ಕೂತು ಆಡುವ ವಾಲಿಬಾಲ್‌ಗೆ ಬಲೆಯ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05 ಮೀಟರ್, ಅಂಕಣವೂ ಚಿಕ್ಕದು. ಕಾಲು ಗಟ್ಟಿ ಇರುವ ಹುಡುಗರು ಕೂತು ಆಡಲು ಹೋದರೆ ಮೊದಲ ದಿನ ತಿಣುಕಾಡುತ್ತಾರೆ. ತೆವಳಿ ರೂಢಿ ಇರುವ ಮಗು ಅವತ್ತು ಅವರಿಗೆ ಹೇಳಿಕೊಡುತ್ತದೆ. ಆ ಮಗುವಿನ ಮುಖವನ್ನು ನೀವು ನೋಡಬೇಕು. ಕಣ್ಣು ಕಾಣದ ಮಕ್ಕಳ ಕ್ರಿಕೆಟ್‌ಗೆ ಒಳಗೆ ಬೇರಿಂಗ್ ಗುಂಡು ಇರುವ, ಗಲಗಲ ಸದ್ದು ಮಾಡುವ ಪ್ಲಾಸ್ಟಿಕ್ ಚೆಂಡು ಇದೆ. ಕೈ ಕೆಳಗೆ ಮಾಡಿ ಉರುಳಿಸಿ ಎಸೆಯುತ್ತಾರೆ. ಪೂರ್ತಿ ಕಾಣದ ಆಟಗಾರ ಹೊಡೆದ ಒಂದೊಂದು ರನ್ನಿಗೂ ಎರಡು ರನ್ ಲೆಕ್ಕ.

ಇಲಾಖೆಯವರಿಗೆ ನನ್ನ ಕೇಳಿಕೆ ದೊಡ್ಡದೇನಲ್ಲ. ಹೋಬಳಿ ಮಟ್ಟದಿಂದ ಶುರುವಾಗುವ ಶಾಲಾ ಕ್ರೀಡಾಕೂಟಗಳ ಪಟ್ಟಿಯಲ್ಲಿ ಈ ಮಕ್ಕಳ ಸ್ಪರ್ಧೆಗಳನ್ನೂ ಸೇರಿಸಿ. ನಾನು ನೋಡಿದ ಹೋಬಳಿ ಕೂಟಗಳಲ್ಲಿ ಒಂದೇ ಒಂದು ಸ್ಪರ್ಧೆಯೂ ಇರಲಿಲ್ಲ. ಅವರು ಗಳಿಸಿದ ಅಂಕವೂ ಶಾಲೆಯ ಒಟ್ಟು ಅಂಕಕ್ಕೆ ಸೇರಲಿ. ಹಾಗಾದರೆ ಮುಂದಿನ ವರ್ಷ ಆ ಮಕ್ಕಳನ್ನು ಶಾಲೆಗಳೇ ಹುಡುಕಿಕೊಂಡು ಹೋಗುತ್ತವೆ, ಅಲ್ವಾ? ದೈಹಿಕ ಶಿಕ್ಷಕರ ತರಬೇತಿಯಲ್ಲಿ ಪ್ಯಾರಾ ಆಟಗಳಿಗೆ ಎರಡು ದಿನ ಇಡಿ. ಪಾಠಕ್ಕೆ ನಮ್ಮ ಹಿರಿಯ ಆಟಗಾರರನ್ನೇ ಕರೆಸಿ. ಡಿಸೆಂಬರ್ 3ರಂದು ವೇದಿಕೆ ಹಾಕಿ ಶಾಲು ಹೊದಿಸುವುದು ಬೇಡ ಅನ್ನುವುದಿಲ್ಲ, ಆದರೆ ಆ ಶಾಲಿನ ದುಡ್ಡಿನಲ್ಲಿ ತಾಲ್ಲೂಕಿಗೊಂದು ಎಸೆತದ ಕುರ್ಚಿ ಮಾಡಿಸಿದರೆ ನನಗೆ ಹೆಚ್ಚು ಖುಷಿ. ನಮ್ಮೂರಿನ ವೆಲ್ಡಿಂಗ್ ಅಂಗಡಿಯವರೇ ಮಾಡಿಕೊಡಬಲ್ಲರು. ಅಳತೆ ನಾನು ಕೊಡುತ್ತೇನೆ.

ಇನ್ನು ಹೊಂಗೆ ಮರದ ಕೆಳಗಿನ ಆ ಹುಡುಗ.

ಬೊಚ್ಚಾ ಅಂತ ಒಂದು ಆಟವಿದೆ. 1984ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ. ಕೈಕಾಲು ತೀರಾ ಬಿಗಿ ಇರುವ, ಗಾಲಿಕುರ್ಚಿಯಿಂದ ಏಳಲಾಗದ ಆಟಗಾರರಿಗಾಗಿಯೇ ಇರುವ ಆಟ. ಮೊದಲು ಒಂದು ಬಿಳಿ ಚೆಂಡನ್ನು ಅಂಕಣಕ್ಕೆ ಎಸೆಯುತ್ತಾರೆ. ಆಮೇಲೆ ಒಬ್ಬರಿಗೆ ಆರು ಕೆಂಪು ಚೆಂಡು, ಇನ್ನೊಬ್ಬರಿಗೆ ಆರು ನೀಲಿ. ಯಾರ ಚೆಂಡು ಬಿಳಿ ಚೆಂಡಿಗೆ ಹತ್ತಿರ ನಿಲ್ಲುತ್ತದೋ ಅಂಕ ಅವರಿಗೆ. ಕೈಯಲ್ಲಿ ಎಸೆಯಲಾಗದಿದ್ದರೆ ಕಾಲಲ್ಲಿ ಒದೆಯಬಹುದು. ಅದೂ ಆಗದವರು ಇಳಿಜಾರು ಹಲಗೆಯ ಮೇಲಿಟ್ಟು ಉರುಳಿಸಬಹುದು. ಬಲಕ್ಕಿಂತ ಗುರಿ ಮುಖ್ಯ, ತಾಳ್ಮೆ ಮುಖ್ಯ. ನೀಲಿ ಚಪ್ಪಲಿಯೇ ಬಿಳಿ ಚೆಂಡು, ಹೊಂಗೆ ಕಾಯಿಗಳೇ ಕೆಂಪು ಚೆಂಡು ಅಂದುಕೊಳ್ಳಿ. ಯಾರೂ ಹೇಳಿಕೊಡದೆ ಆ ಹುಡುಗ ಬೊಚ್ಚಾ ಆಡುತ್ತಿದ್ದ ಮೇಷ್ಟ್ರೇ. ಚಪ್ಪಲಿ ಕಾಯುತ್ತಾ.

ಅಂಗಡಿಯಲ್ಲಿ ಸಿಗುವ ಬೊಚ್ಚಾ ಚೆಂಡು ನಮ್ಮ ಕೈಗೆ ಎಟುಕುವ ಬೆಲೆಯದಲ್ಲ. ಹಳೇ ಸೀರೆ ಕತ್ತರಿಸಿ, ಹುಣಸೆ ಬೀಜ ತುಂಬಿ, ಎರಡು ಮಡಿಕೆ ಹೊಲಿಗೆ ಹಾಕಿ ಹದಿಮೂರು ಚೆಂಡು ಮಾಡಿದ್ದೇನೆ. ಆರು ಕೆಂಪು, ಆರು ನೀಲಿ, ಒಂದು ಬಿಳಿ. ನಿಜವಾದ ಚೆಂಡಿನ ತೂಕ ಸುಮಾರು 275 ಗ್ರಾಂ. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ ಒಂದೊಂದನ್ನೂ ತೂಗಿಸಿಕೊಂಡು ಬಂದೆ. ಬಿಗಿಯಾಗಿ ತುಂಬಿದರೆ ಜಾಸ್ತಿ ಉರುಳಿ ಹೋಗುತ್ತದೆ, ಅದಕ್ಕೆ ಸ್ವಲ್ಪ ಸಡಿಲ ಬಿಟ್ಟಿದ್ದೇನೆ.

ಚೆಂಡುಗಳು ಗ್ರಂಥಾಲಯದ ಮೇಜಿನ ಮೇಲೆ ಬೆತ್ತದ ಬುಟ್ಟಿಯಲ್ಲಿವೆ. ಹುಡುಗನಿಗೆ ಇನ್ನೂ ತೋರಿಸಿಲ್ಲ. ನಾನು ಕೊಟ್ಟರೆ ಅವನು ಗ್ರಂಥಾಲಯದ ಮೂಲೆಯಲ್ಲಿ ಒಬ್ಬನೇ ಆಡುತ್ತಾನೆ. ಅವನನ್ನು ಕರೆಯಬೇಕಾದವರು ನೀವು. ಸೀಟಿ ಊದಿ, ಉಳಿದವರ ಹೆಸರು ಕೂಗುವಷ್ಟೇ ಜೋರಾಗಿ ಅವನ ಹೆಸರನ್ನೂ ಕೂಗಿ. ಗುರಿ ತಪ್ಪಿದರೆ ಗದರಿ. ನಮ್ಮೂರಿನ ಮೇಷ್ಟ್ರು ಇದನ್ನು ಓದುತ್ತಿದ್ದರೆ, ಬುಧವಾರ ಮಧ್ಯಾಹ್ನ ಆರನೇ ಕ್ಲಾಸಿಗೆ ಪಿ.ಟಿ. ಇದೆ ಅಂತ ನನಗೆ ಗೊತ್ತು. ಅವತ್ತು ಊಟಕ್ಕೂ ಹೋಗದೆ ಗ್ರಂಥಾಲಯದ ಬಾಗಿಲು ತೆರೆದಿಟ್ಟಿರುತ್ತೇನೆ. ಬುಟ್ಟಿ ತೆಗೆದುಕೊಂಡು ಹೋಗಿ.

ಇಂತಿ,
ಒಬ್ಬ ಗ್ರಂಥಾಲಯ ಮೇಲ್ವಿಚಾರಕಿ